ಜೆಸ್ಸೋರಿನ ಖಜಾನೆ ನೌಕರ, ನಕ್ಷತ್ರಗಳ ಲೆಕ್ಕಿಗ: ರಾಧಾಗೋವಿಂದ ಚಂದ್ರ

ಮೂವತ್ತೇಳು ಸಾವಿರದ ಇನ್ನೂರ ಹದಿನೈದು. ಬಂಗಾಳದ ಒಂದು ಸಣ್ಣ ಹಳ್ಳಿಯಲ್ಲಿ ಕುಳಿತು, ಯಾವುದೇ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ವ್ಯಕ್ತಿಯೊಬ್ಬರು ಅಮೆರಿಕದ ಖಗೋಳ ಸಂಘಕ್ಕೆ ಕಳುಹಿಸಿದ ನಕ್ಷತ್ರ ವೀಕ್ಷಣೆಗಳ ಸಂಖ್ಯೆ ಇದು. ಪ್ರತಿಯೊಂದು ವೀಕ್ಷಣೆಯೂ ಒಂದೇ ಒಂದು ಪ್ರಶ್ನೆಗೆ ಉತ್ತರ: ಈ ರಾತ್ರಿ, ಈ ಹೊತ್ತಿನಲ್ಲಿ, ಈ ನಕ್ಷತ್ರದ ಬೆಳಕು ಎಷ್ಟು? ಆ ವ್ಯಕ್ತಿಯೇ ರಾಧಾಗೋವಿಂದ ಚಂದ್ರ. ಹವ್ಯಾಸಿ ಖಗೋಳ ವೀಕ್ಷಣೆಯ ಭಾರತೀಯ ಚರಿತ್ರೆಯಲ್ಲಿ ಅವರದು ಮೊದಲ ಸಾಲಿನ ಹೆಸರು. ಅವರು ಬಳಸಿದ ದೂರದರ್ಶಕವೊಂದು ಮುಂದೆ ದಕ್ಷಿಣ ಭಾರತಕ್ಕೆ ಬಂದು, ಬೆಂಗಳೂರಿನ ಸಂಸ್ಥೆಯೊಂದರ ವೀಕ್ಷಣಾಲಯದಲ್ಲಿ ನೆಲೆ ಕಂಡಿತು ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ.

ಮೂರು ಬಾರಿ ಸೋತ ವಿದ್ಯಾರ್ಥಿ

ರಾಧಾಗೋವಿಂದರು ಜನಿಸಿದ್ದು 1878ರ ಜುಲೈ 16ರಂದು, ಜೆಸ್ಸೋರ್ ಜಿಲ್ಲೆಯ ಬಾಗ್ಚರ್ ಗ್ರಾಮದಲ್ಲಿ. ಆಗ ಅವಿಭಜಿತ ಬಂಗಾಳದ ಭಾಗವಾಗಿದ್ದ ಈ ಪ್ರದೇಶ ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಗೋರಾಚಾಂದ್, ತಾಯಿ ಪದ್ಮಮುಖಿ. ಸ್ಥಿತಿವಂತರ ಮನೆತನವೇನೂ ಅಲ್ಲ. ಹಳ್ಳಿಯ ಕತ್ತಲೆಯ ಆಕಾಶದಲ್ಲಿ ನಕ್ಷತ್ರಗಳನ್ನು ಗುರುತಿಸುವ ಮೊದಲ ಪಾಠ ಅವರಿಗೆ ದೊರೆತದ್ದು ಅಜ್ಜಿಯಿಂದ.

ಎರಡನೆಯ ಪ್ರೇರಣೆ ಬಂದದ್ದು ಶಾಲೆಯ ಪಠ್ಯಪುಸ್ತಕದಿಂದ. ಹತ್ತೊಂಬತ್ತನೆಯ ಶತಮಾನದ ಬಂಗಾಳದಲ್ಲಿ ವಿಜ್ಞಾನವನ್ನು ಜನರ ಭಾಷೆಗೆ ತಂದವರಲ್ಲಿ ಪ್ರಮುಖರಾದ ಅಕ್ಷಯ ಕುಮಾರ ದತ್ತ ಅವರು ‘ಚಾರುಪಾಠ’ ಎಂಬ ಪಠ್ಯಮಾಲೆಯನ್ನು ರಚಿಸಿದ್ದರು. ಅದರಲ್ಲಿ ಬ್ರಹ್ಮಾಂಡದ ವೈಶಾಲ್ಯವನ್ನು ವಿವರಿಸುವ ಒಂದು ಪ್ರಬಂಧವಿತ್ತು. ಅದನ್ನು ಓದಿದ ಬಾಲಕನ ಮನಸ್ಸು ಆಕಾಶದ ಕಡೆಗೆ ಹೊರಳಿತು. ಬಳಿಕ ಎಂದೂ ಹಿಂದಿರುಗಲಿಲ್ಲ.

ಆದರೆ ಶಾಲೆಯ ಓದು ಅವರ ಕೈ ಹಿಡಿಯಲಿಲ್ಲ. ಅಂದಿನ ಪ್ರವೇಶ ಪರೀಕ್ಷೆ, ಅಂದರೆ ಕಾಲೇಜಿಗೆ ಹೋಗಲು ಬೇಕಾಗಿದ್ದ ಎಂಟ್ರೆನ್ಸ್ ಪರೀಕ್ಷೆಗೆ ಅವರು ಮೂರು ಬಾರಿ ಕುಳಿತು ಮೂರು ಬಾರಿಯೂ ಅನುತ್ತೀರ್ಣರಾದರು. ಅಲ್ಲಿಗೆ ಔಪಚಾರಿಕ ಶಿಕ್ಷಣ ಮುಗಿಯಿತು. ಜೀವನೋಪಾಯಕ್ಕಾಗಿ ಅವರು ಸೇರಿದ್ದು ಜೆಸ್ಸೋರ್ ಕಲೆಕ್ಟರ್ ಕಚೇರಿಯ ಖಜಾನೆಯನ್ನು. ಆರಂಭದ ಸಂಬಳ ತಿಂಗಳಿಗೆ 15 ರೂಪಾಯಿ. ಕೆಲಸ ನಾಣ್ಯ ಪರೀಕ್ಷೆ. ಖಜಾನೆಗೆ ಬರುವ ನಾಣ್ಯಗಳಲ್ಲಿ ಅಸಲಿ ಯಾವುದು, ಖೋಟಾ ಯಾವುದು ಎಂದು ಬೇರ್ಪಡಿಸುವುದು. ನಮ್ಮ ನಾಡಿನಲ್ಲಿ ಹಿಂದೆ ಪೋತದಾರರು, ಚಿನಿವಾರರು ಮಾಡುತ್ತಿದ್ದ ಕೆಲಸವೇ ಇದು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಕಂಡುಹಿಡಿಯುವುದು ಹಗಲಿನ ವೃತ್ತಿಯಾಯಿತು. ರಾತ್ರಿ ಅವರು ಆಕಾಶದಲ್ಲಿ ಮಾಡುತ್ತಿದ್ದುದೂ ಬಹುಮಟ್ಟಿಗೆ ಇಂತಹುದೇ ಕಾರ್ಯ.

ವಕೀಲರ ಮನೆಯ ತಾರಾಪಟ

ಜೆಸ್ಸೋರಿನಲ್ಲಿ ಕಾಳಿನಾಥ ಮುಖರ್ಜಿ ಎಂಬ ವಕೀಲರಿದ್ದರು. ಕಾನೂನು ಅವರ ವೃತ್ತಿ, ಖಗೋಳ ಅವರ ವ್ಯಸನ. ಭಾರತೀಯ ನಕ್ಷತ್ರ ನಾಮಗಳನ್ನೂ ಪಾಶ್ಚಾತ್ಯ ನಕ್ಷತ್ರಪುಂಜಗಳನ್ನೂ ಹೊಂದಿಸಿ ತಾರಾಪಟಗಳನ್ನು ಸಿದ್ಧಪಡಿಸಿದ್ದ ಅವರು 1905ರಲ್ಲಿ ಹಿಂದೂ ಖಗೋಳ ಕುರಿತ ಇಂಗ್ಲಿಷ್ ಗ್ರಂಥವನ್ನೂ ಪ್ರಕಟಿಸಿದ್ದರು. ಖಜಾನೆಯ ತರುಣ ನೌಕರನಿಗೆ ಈ ವಕೀಲರ ಸಂಪರ್ಕ ದೊರೆತದ್ದು ಒಂದು ತಿರುವು. ನಕ್ಷೆಯನ್ನು ಕೈಯಲ್ಲಿ ಹಿಡಿದು ಆಕಾಶವನ್ನು ಕ್ರಮಬದ್ಧವಾಗಿ ಓದುವ ಅಭ್ಯಾಸ ಇಲ್ಲಿಂದ ಬೆಳೆಯಿತು.

1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ರಾಧಾಗೋವಿಂದರ ಬಳಿ ಇದ್ದುದು ಒಂದು ಸಣ್ಣ ಬೈನಾಕ್ಯುಲರ್ ಮಾತ್ರ. ಅದರಿಂದಲೇ ಧೂಮಕೇತುವನ್ನು ಅನುಸರಿಸಿ, ಕಂಡದ್ದನ್ನು ಬರೆದು ಪತ್ರಿಕೆಗೆ ಕಳುಹಿಸಿದರು. ಆ ಬರಹ ಶಾಂತಿನಿಕೇತನದ ವಿಜ್ಞಾನ ಶಿಕ್ಷಕರೂ ಲೇಖಕರೂ ಆಗಿದ್ದ ಜಗದಾನಂದ ರಾಯ್ ಅವರ ಕಣ್ಣಿಗೆ ಬಿತ್ತು. ಇಷ್ಟು ಎಚ್ಚರಿಕೆಯಿಂದ ನೋಡಬಲ್ಲವರು ಒಂದು ದೂರದರ್ಶಕವನ್ನು ಹೊಂದಿರಲೇಬೇಕೆಂದು ಜಗದಾನಂದರು ಸಲಹೆಯಿತ್ತರು. 1912ರಲ್ಲಿ ಇಂಗ್ಲೆಂಡಿನಿಂದ ಮೂರು ಇಂಚು ವ್ಯಾಸದ ಮಸೂರವುಳ್ಳ ದೂರದರ್ಶಕ ಜೆಸ್ಸೋರಿಗೆ ಬಂದಿತು. ಸಣ್ಣ ಸಂಬಳದ ಸಂಸಾರಸ್ಥನಿಗೆ ಅದು ಲಘುವಾದ ಖರ್ಚಾಗಿರಲಿಲ್ಲ.

ಗರುಡ ಪುಂಜದ ಹೊಸ ಅತಿಥಿ

1918ರ ಜೂನ್ ತಿಂಗಳು. ಮೊದಲ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಆಕಾಶದಲ್ಲಿ ಗರುಡ ಪುಂಜದಲ್ಲಿ, ನಮ್ಮವರು ಶ್ರವಣ ಎಂದು ಕರೆಯುವ ನಕ್ಷತ್ರವಿರುವ ಆ ಭಾಗದಲ್ಲಿ, ಇಲ್ಲದಿದ್ದ ನಕ್ಷತ್ರವೊಂದು ಕಾಣಿಸಿಕೊಂಡಿತು. ರಾಧಾಗೋವಿಂದರ ಚರಿತ್ರಕಾರರು ದಾಖಲಿಸಿರುವಂತೆ ಅವರು ಅದನ್ನು ಕಂಡದ್ದು ಜೂನ್ 7ರಂದು. ಮರುದಿನ, ಅಂದರೆ ಜೂನ್ 8ರಂದು, ಯೂರೋಪ್ ಮತ್ತು ಅಮೆರಿಕದಲ್ಲಿ ಅನೇಕರು ಅದನ್ನು ಸ್ವತಂತ್ರವಾಗಿ ಕಂಡರು. ಅಂದೇ ಅಮೆರಿಕದ ಉದ್ದಗಲಕ್ಕೂ ಸಂಪೂರ್ಣ ಸೂರ್ಯಗ್ರಹಣ ಸಂಭವಿಸಿದ್ದರಿಂದ, ಗ್ರಹಣ ನೋಡಲು ನೆರೆದಿದ್ದ ಖಗೋಳಜ್ಞರಿಗೆ ಅದೇ ರಾತ್ರಿ ಈ ಹೊಸ ನಕ್ಷತ್ರವೂ ಗೋಚರಿಸಿತು.

ಜೂನ್ 9ರ ಹೊತ್ತಿಗೆ ಅದರ ಕಾಂತಿಮಾನ ಸುಮಾರು ಮೈನಸ್ 0.5ಕ್ಕೆ ಏರಿತು. ಲುಬ್ಧಕ ಮತ್ತು ಅಗಸ್ತ್ಯ, ಇವೆರಡನ್ನು ಬಿಟ್ಟರೆ ಇಡೀ ರಾತ್ರಿಯ ಆಕಾಶದಲ್ಲಿ ಅದಕ್ಕಿಂತ ಪ್ರಕಾಶಮಾನವಾದ ನಕ್ಷತ್ರ ಇರಲಿಲ್ಲ. 1604ರಲ್ಲಿ ಕೆಪ್ಲರ್ ಕಂಡ ಸೂಪರ್‌ನೋವಾದ ನಂತರ ಇಷ್ಟು ಬೆಳಗಿದ ಹೊಸ ನಕ್ಷತ್ರವನ್ನು ಜಗತ್ತು ನೋಡಿರಲಿಲ್ಲ. ಖಗೋಳಜ್ಞರ ಪಟ್ಟಿಯಲ್ಲಿ ಇದರ ಹೆಸರು ವಿ603 ಅಕ್ವಿಲೆ. ಭೂಮಿಯಿಂದ ಸುಮಾರು ಒಂದು ಸಾವಿರ ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ, 1918ರಲ್ಲಿ ಕಂಡ ಸ್ಫೋಟ ವಾಸ್ತವವಾಗಿ ನಡೆದದ್ದು ಅದಕ್ಕೂ ಸುಮಾರು ಹತ್ತು ಶತಮಾನಗಳ ಹಿಂದೆ.

ಆವಿಷ್ಕಾರದ ಗೌರವ ರಾಧಾಗೋವಿಂದರಿಗೆ ಸಲ್ಲಲಿಲ್ಲ. ಪಾಶ್ಚಾತ್ಯ ದಾಖಲೆಗಳಲ್ಲಿ ಕಾಣುವುದು ಪೋಲೆಂಡ್ ಮೂಲದ ವೈದ್ಯಶಾಸ್ತ್ರ ಪ್ರಾಧ್ಯಾಪಕ ಲಾಸ್ಕೋವ್‌ಸ್ಕಿ, ಇಂಗ್ಲೆಂಡಿನ ಹವ್ಯಾಸಿ ವೀಕ್ಷಕಿ ಗ್ರೇಸ್ ಕುಕ್ ಮೊದಲಾದವರ ಹೆಸರುಗಳು. ಆಕಾಶದಲ್ಲಿ ಹೊಸತನ್ನು ಮೊದಲು ಕಂಡರೆ ಸಾಲದು. ಅದನ್ನು ಜಗತ್ತಿಗೆ ಮೊದಲು ತಿಳಿಸಬೇಕು. ತಂತಿಯ ಮೂಲಕ ವೀಕ್ಷಣಾಲಯಗಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯ ಒಳಗಿದ್ದವರಿಗೂ, ಬಂಗಾಳದ ಹಳ್ಳಿಯಲ್ಲಿದ್ದ ಖಜಾನೆ ನೌಕರನಿಗೂ ಇದ್ದ ಅಂತರ ಅಷ್ಟಿಷ್ಟಲ್ಲ.

ಆದರೆ ಅವರು ಸುಮ್ಮನಾಗಲಿಲ್ಲ. ಹೊಸ ನಕ್ಷತ್ರದ ವೀಕ್ಷಣೆಗಳ ವರದಿಯನ್ನು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಕಳುಹಿಸಿದರು. ಆಗ ಅದರ ನಿರ್ದೇಶಕರಾಗಿದ್ದವರು ಎಡ್ವರ್ಡ್ ಪಿಕರಿಂಗ್. ಪಿಕರಿಂಗ್ ಹವ್ಯಾಸಿಗಳ ಶಕ್ತಿಯನ್ನು ಬಲ್ಲವರು. ಅವರ ಪ್ರೋತ್ಸಾಹದಿಂದಲೇ 1911ರಲ್ಲಿ ವಿಲಿಯಂ ಟೈಲರ್ ಓಲ್ಕಾಟ್ ಎಂಬ ವಕೀಲರು ಬೆಳಕು ಏರಿಳಿಯುವ ನಕ್ಷತ್ರಗಳ ಅಮೆರಿಕನ್ ವೀಕ್ಷಕರ ಸಂಘವನ್ನು ಕಟ್ಟಿದ್ದರು. ಹಾರ್ವರ್ಡಿನಿಂದ ಜೆಸ್ಸೋರಿಗೆ ನಕ್ಷತ್ರ ನಕ್ಷೆಗಳೂ ಪುಸ್ತಕಗಳೂ ಬಂದವು. ರಾಧಾಗೋವಿಂದರು ಆ ಸಂಘದ ಸದಸ್ಯರಾದರು. ಪರೀಕ್ಷೆಯಲ್ಲಿ ಮೂರು ಬಾರಿ ಸೋತಿದ್ದವರಿಗೆ ಜಗತ್ತಿನ ಅತ್ಯುತ್ತಮ ವೀಕ್ಷಣಾಲಯವೊಂದರ ಬಾಗಿಲು ತೆರೆಯಿತು.

ಬೆಳಕನ್ನು ತೂಗುವ ಬಗೆ

ನಕ್ಷತ್ರದ ಬೆಳಕನ್ನು ಕಣ್ಣಿನಿಂದ ಅಳೆಯುವುದು ಹೇಗೆ? ವಿಧಾನ ಸರಳ, ಸಾಧನೆ ಕಠಿಣ. ಅಳೆಯಬೇಕಾದ ನಕ್ಷತ್ರದ ಸುತ್ತಮುತ್ತ, ಬೆಳಕು ಬದಲಾಗದ ಕೆಲವು ನಕ್ಷತ್ರಗಳನ್ನು ಆರಿಸಲಾಗುತ್ತದೆ. ಅವುಗಳ ಕಾಂತಿಮಾನ ಮೊದಲೇ ನಿರ್ಧಾರವಾಗಿರುತ್ತದೆ. ನಕ್ಷೆಯಲ್ಲಿ ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಮುದ್ರಿಸಿರುತ್ತಾರೆ. ವೀಕ್ಷಕನು ತನ್ನ ನಕ್ಷತ್ರಕ್ಕಿಂತ ತುಸು ಪ್ರಕಾಶಮಾನವಾದ ಒಂದನ್ನೂ ತುಸು ಮಂಕಾದ ಇನ್ನೊಂದನ್ನೂ ಹುಡುಕಿ, ಅವೆರಡರ ನಡುವೆ ತನ್ನ ನಕ್ಷತ್ರ ಎಲ್ಲಿ ನಿಲ್ಲುತ್ತದೆ ಎಂದು ತೀರ್ಮಾನಿಸುತ್ತಾನೆ. ಒಂದರ ಕಾಂತಿಮಾನ 8.0, ಇನ್ನೊಂದರದು 8.6 ಆಗಿದ್ದು, ನೋಡುವ ನಕ್ಷತ್ರ ನಟ್ಟನಡುವೆ ನಿಂತರೆ ಅದರ ಕಾಂತಿಮಾನ 8.3. ಜೊತೆಗೆ ದಿನಾಂಕ, ಗಂಟೆ, ನಿಮಿಷಗಳ ದಾಖಲೆ. ಅಭ್ಯಾಸವಾದ ಕಣ್ಣು ಒಂದು ಕಾಂತಿಮಾನದ ಹತ್ತನೆಯ ಒಂದು ಭಾಗದವರೆಗೂ ಅಂದಾಜು ಮಾಡಬಲ್ಲದು.

ಈ ಅಳತೆಗೋಲಿಗೂ ದಕ್ಷಿಣ ಭಾರತಕ್ಕೂ ಒಂದು ನಂಟಿದೆ. ಐದು ಕಾಂತಿಮಾನಗಳ ಅಂತರವೆಂದರೆ ಬೆಳಕಿನಲ್ಲಿ ನೂರು ಪಟ್ಟು ವ್ಯತ್ಯಾಸ ಎಂದು 1856ರಲ್ಲಿ ನಿಯಮ ರೂಪಿಸಿದ ನಾರ್ಮನ್ ಪೋಗ್ಸನ್, 1861ರಿಂದ 1891ರಲ್ಲಿ ನಿಧನರಾಗುವವರೆಗೆ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದರು. ಅಲ್ಲಿ ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಅವರು 1867ರಲ್ಲಿ ಬೆಳಕು ಬದಲಾಗುವ ನಕ್ಷತ್ರವೊಂದನ್ನು ಕಂಡುಹಿಡಿದಿದ್ದರು.

ವಿಧಾನ ಸರಳವೆನಿಸಿದರೂ ಕಣ್ಣು ಮೋಸ ಹೋಗುವ ಹಾದಿಗಳು ಹಲವು. ಕೆಂಪು ನಕ್ಷತ್ರವನ್ನು ಹೆಚ್ಚು ಹೊತ್ತು ನೋಡಿದರೆ ಅದು ಇರುವುದಕ್ಕಿಂತ ಹೆಚ್ಚು ಬೆಳಗಿದಂತೆ ಭಾಸವಾಗುತ್ತದೆ. ದಿಗಂತದ ಸಮೀಪದ ನಕ್ಷತ್ರವನ್ನು ಗಾಳಿಯ ದಪ್ಪ ಪದರ ಮಂಕಾಗಿಸುತ್ತದೆ. ಬೆಳದಿಂಗಳು, ಮಂಜು, ಆಯಾಸ ಎಲ್ಲವೂ ಲೆಕ್ಕವನ್ನು ಕೆಡಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಅಪಾಯ ನಿರೀಕ್ಷೆಯದು. ನಿನ್ನೆ 8.3 ಇದ್ದ ನಕ್ಷತ್ರ ಇಂದು 8.4 ಆಗಿರಬೇಕೆಂದು ಮನಸ್ಸು ಮೊದಲೇ ನಿರ್ಧರಿಸಿದರೆ, ಕಣ್ಣು ಅದನ್ನೇ ಕಾಣುತ್ತದೆ. ಆದ್ದರಿಂದ ಹಿಂದಿನ ಅಂಕಿಯನ್ನು ಮರೆತು, ಕಂಡದ್ದನ್ನಷ್ಟೇ ಬರೆಯುವ ಪ್ರಾಮಾಣಿಕತೆ ಈ ಕೆಲಸದ ಮೂಲ ಬಂಡವಾಳ. ಪರಿಶೀಲಿಸಲು ಪಕ್ಕದಲ್ಲಿ ಯಾರೂ ಇಲ್ಲದ ಕತ್ತಲಲ್ಲಿ ಈ ಬಂಡವಾಳವನ್ನು ಮೂವತ್ತೈದು ವರ್ಷ ಉಳಿಸಿಕೊಳ್ಳುವುದು ಸಾಮಾನ್ಯ ಮಾತಲ್ಲ.

ಜೆಸ್ಸೋರಿನ ಅಂಕಿಗಳಿಗೆ ಇನ್ನೊಂದು ವಿಶೇಷ ಬೆಲೆಯಿತ್ತು. ಜೆಸ್ಸೋರಿಗೂ ಹಾರ್ವರ್ಡಿಗೂ ಸೂರ್ಯನ ಲೆಕ್ಕದಲ್ಲಿ ಹತ್ತೂವರೆ ಗಂಟೆಗೂ ಮಿಕ್ಕ ಅಂತರ. ಅಮೆರಿಕದಲ್ಲಿ ಹಗಲಾದಾಗ ಬಂಗಾಳದಲ್ಲಿ ಇರುಳು. ಕೆಲವು ಗಂಟೆಗಳಲ್ಲೇ ರೂಪ ಬದಲಿಸುವ ನಕ್ಷತ್ರಗಳ ಕಥೆಯಲ್ಲಿ ಹಾರ್ವರ್ಡಿಗೆ ಹಗಲಿನ ಖಾಲಿ ಪುಟಗಳಾಗಿ ಉಳಿಯುತ್ತಿದ್ದುದನ್ನು ತುಂಬಲು ಭೂಗೋಳದ ಈ ಬದಿಯಲ್ಲಿ ನಂಬಿಕಸ್ಥ ಕಣ್ಣುಗಳು ಬೇಕಿದ್ದವು. ಅಂತಹ ಕಣ್ಣುಗಳು ಆಗ ಬೆರಳೆಣಿಕೆಯಷ್ಟಿದ್ದವು.

ಸಾಗರ ದಾಟಿ ಬಂದ ದೂರದರ್ಶಕ

ರಾಧಾಗೋವಿಂದರ ಕೆಲಸದ ಗುಣಮಟ್ಟಕ್ಕೆ ಸಂಘ ನೀಡಿದ ಮನ್ನಣೆ ಪತ್ರದ ರೂಪದಲ್ಲಷ್ಟೇ ಇರಲಿಲ್ಲ. 1926ರಲ್ಲಿ ಚಾರ್ಲ್ಸ್ ಎಲ್ಮರ್ ಅವರಿಂದ ಬಂದಿದ್ದ ಆರು ಇಂಚಿನ ದೂರದರ್ಶಕವೊಂದನ್ನು ಸಂಘವು ಅಮೆರಿಕದಿಂದ ಜೆಸ್ಸೋರಿಗೆ ಕಳುಹಿಸಿಕೊಟ್ಟಿತು. ಎಲ್ಮರ್ ಅವರೂ ವೃತ್ತಿಯಿಂದ ಖಗೋಳಜ್ಞರಲ್ಲ. ನ್ಯಾಯಾಲಯದ ಕಲಾಪಗಳನ್ನು ಬರೆದುಕೊಳ್ಳುವ ಸಂಸ್ಥೆಯೊಂದರ ಮುಖ್ಯಸ್ಥರು. ಮುಂದೆ 1937ರಲ್ಲಿ ಅವರು ಸಹಸ್ಥಾಪಕರಾಗಿ ಕಟ್ಟಿದ ಪರ್ಕಿನ್ ಎಲ್ಮರ್ ಕಂಪನಿಯೇ ದಶಕಗಳ ಬಳಿಕ ಹಬಲ್ ಬಾಹ್ಯಾಕಾಶ ದೂರದರ್ಶಕದ ಮುಖ್ಯ ದರ್ಪಣವನ್ನು ತಯಾರಿಸಿತು.

ಮೂರು ಇಂಚಿನಿಂದ ಆರು ಇಂಚಿಗೆ ಏರಿದರೆ ಮಸೂರ ಸಂಗ್ರಹಿಸುವ ಬೆಳಕು ನಾಲ್ಕು ಪಟ್ಟು ಹೆಚ್ಚುತ್ತದೆ. ಅಂದರೆ ಒಂದೂವರೆ ಕಾಂತಿಮಾನದಷ್ಟು ಹೆಚ್ಚು ಮಂಕಾದ ನಕ್ಷತ್ರಗಳೂ ಎಟುಕುತ್ತವೆ. ಬೆಳಕು ಕುಗ್ಗಿದಾಗ ಕಣ್ಮರೆಯಾಗುತ್ತಿದ್ದ ನಕ್ಷತ್ರಗಳನ್ನು ಈಗ ತಳಮಟ್ಟದವರೆಗೂ ಹಿಂಬಾಲಿಸುವುದು ಸಾಧ್ಯವಾಯಿತು. 1928ರಲ್ಲಿ ಫ್ರಾನ್ಸ್ ಸರ್ಕಾರವು ವಿದ್ಯಾಕ್ಷೇತ್ರದ ಸೇವೆಗೆ ಕೊಡುವ ಗೌರವ ಪದವಿಯನ್ನು ರಾಧಾಗೋವಿಂದರಿಗೆ ನೀಡಿತು. ಸ್ವದೇಶದ ಪರೀಕ್ಷಾ ಮಂಡಳಿ ಕೊಡದ ಪದವಿಯನ್ನು ಪರದೇಶದ ಸರ್ಕಾರ ಕೊಟ್ಟಂತಾಯಿತು.

ನೋವಾ, ಸೂಪರ್‌ನೋವಾ ಮತ್ತು ಹಳೆಯ ಅಂಕಿಗಳು

1918ರಲ್ಲಿ ಸೂಪರ್‌ನೋವಾ ಎಂಬ ಪದವೇ ಬಳಕೆಗೆ ಬಂದಿರಲಿಲ್ಲ. ಹಠಾತ್ತನೆ ಬೆಳಗುವ ನಕ್ಷತ್ರಗಳಲ್ಲಿ ಎರಡು ಜಾತಿಗಳಿವೆ, ಒಂದು ಇನ್ನೊಂದಕ್ಕಿಂತ ಸಾವಿರಾರು ಪಟ್ಟು ಬಲಶಾಲಿ ಎಂಬುದನ್ನು ವಾಲ್ಟರ್ ಬಾಡೆ ಮತ್ತು ಫ್ರಿಟ್ಜ್ ಜ್ವಿಕ್ಕಿ 1934ರಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದರು. ಗರುಡ ಪುಂಜದ ಅತಿಥಿ ಮೊದಲ ಜಾತಿಗೆ ಸೇರಿದ್ದು. ಶ್ವೇತಕುಬ್ಜ ಎಂಬ ಮುದಿ ನಕ್ಷತ್ರವು ತನ್ನ ಜೊತೆಗಾರ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಳ್ಳುತ್ತದೆ. ಹಾಗೆ ಶೇಖರವಾದ ಹೊದಿಕೆ ಒಂದು ದಿನ ಭುಗಿಲೇಳುತ್ತದೆ, ನಕ್ಷತ್ರ ಉಳಿಯುತ್ತದೆ. ಸೂಪರ್‌ನೋವಾದಲ್ಲಾದರೋ ನಕ್ಷತ್ರವೇ ಛಿದ್ರವಾಗುತ್ತದೆ ಅಥವಾ ಅದರ ತಿರುಳು ಕುಸಿದು ಹೊರಭಾಗ ಸಿಡಿದುಹೋಗುತ್ತದೆ.

ಯಾವುದು ಯಾವ ಜಾತಿ ಎಂದು ತಿಳಿಯಲು ಒಂದು ಮುಖ್ಯ ಸಾಕ್ಷ್ಯವೆಂದರೆ ಬೆಳಕು ಏರಿದ ಮತ್ತು ಇಳಿದ ರೀತಿ. ಇದಕ್ಕೆ ಒಳ್ಳೆಯ ಉದಾಹರಣೆ ಟೈಕೊ ಬ್ರಾಹೆ. 1572ರಲ್ಲಿ ಕಾಣಿಸಿಕೊಂಡ ಹೊಸ ನಕ್ಷತ್ರವನ್ನು ಡೆನ್ಮಾರ್ಕಿನ ಈ ವೀಕ್ಷಕ ಶುಕ್ರ, ಗುರು ಮತ್ತು ಇತರ ನಕ್ಷತ್ರಗಳೊಂದಿಗೆ ಹೋಲಿಸುತ್ತ ತಿಂಗಳುಗಟ್ಟಲೆ ದಾಖಲಿಸಿದ್ದ. ಆಗ ದೂರದರ್ಶಕವೇ ಇರಲಿಲ್ಲ. 1945ರಲ್ಲಿ ಬಾಡೆ ಆ ಹೋಲಿಕೆಗಳನ್ನು ಆಧುನಿಕ ಕಾಂತಿಮಾನಗಳಿಗೆ ಪರಿವರ್ತಿಸಿ, ಅದು ಒಂದನೆಯ ಬಗೆಯ ಸೂಪರ್‌ನೋವಾ ಎಂದು ತೀರ್ಮಾನಿಸಿದರು. ಬರೆದವನು ಊಹಿಸಿರದ ಪ್ರಶ್ನೆಗೆ ಅವನ ಅಂಕಿಗಳು 373 ವರ್ಷಗಳ ಬಳಿಕ ಉತ್ತರ ಕೊಟ್ಟವು.

ಹವ್ಯಾಸಿಗಳ ಈ ಪರಂಪರೆ ಮುಂದೆಯೂ ನಿಲ್ಲಲಿಲ್ಲ. 1987ರ ಫೆಬ್ರವರಿ 24ರಂದು ದೊಡ್ಡ ಮೆಗೆಲನ್ ಮೋಡದಲ್ಲಿ ಬರಿಗಣ್ಣಿಗೆ ಕಾಣುವಂತೆ ಸಿಡಿದ ಸೂಪರ್‌ನೋವಾವನ್ನು ಚಿಲಿಯಲ್ಲಿದ್ದ ವೀಕ್ಷಕರಲ್ಲದೆ, ನ್ಯೂಜಿಲೆಂಡಿನ ಹವ್ಯಾಸಿ ಆಲ್ಬರ್ಟ್ ಜೋನ್ಸ್ ಕೂಡ ಸ್ವತಂತ್ರವಾಗಿ ಪತ್ತೆಹಚ್ಚಿದರು. ಜೋನ್ಸ್ ತಮ್ಮ ಜೀವಿತಾವಧಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಾಂತಿ ಅಳತೆಗಳನ್ನು ಮಾಡಿದವರು. 2023ರ ಮೇ 19ರಂದು ಸುಮಾರು ಎರಡು ಕೋಟಿ ಜ್ಯೋತಿರ್ವರ್ಷ ದೂರದ ಗಿರಿಗಿಟ್ಟಲೆ ಆಕಾರದ ಗೆಲಾಕ್ಸಿಯಲ್ಲಿ ಸೂಪರ್‌ನೋವಾವೊಂದನ್ನು ಕಂಡುಹಿಡಿದವರು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ. ಮರುದಿನದಿಂದಲೇ ಜಗತ್ತಿನ ಹವ್ಯಾಸಿಗಳು ಅದರ ಬೆಳಕನ್ನು ಅಳೆಯತೊಡಗಿದರು. ಕ್ಯಾಮೆರಾಗಳು ಬಂದಿವೆ, ಅಳತೆ ಸೂಕ್ಷ್ಮವಾಗಿದೆ. ಬದಲಾಗದ ನಕ್ಷತ್ರದ ಪಕ್ಕದಲ್ಲಿಟ್ಟು ಬದಲಾಗುವುದನ್ನು ತೂಗುವ ತತ್ತ್ವ ಮಾತ್ರ ಜೆಸ್ಸೋರಿನದೇ.

ಗಡಿರೇಖೆ ಮತ್ತು ಕೊನೆಯ ವರ್ಷಗಳು

1947ರಲ್ಲಿ ದೇಶ ವಿಭಜನೆಯಾದಾಗ ಜೆಸ್ಸೋರ್ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ವಿಭಜನೆಯ ಆನಂತರದ ದಿನಗಳಲ್ಲಿ ರಾಧಾಗೋವಿಂದರು ಹುಟ್ಟಿದ ಊರನ್ನು ತೊರೆದು ಪಶ್ಚಿಮ ಬಂಗಾಳದ ಬಾರಾಸಾತ್‌ಗೆ ಬಂದು ನೆಲೆಸಿದರು. ಒಂದೇ ಅಂಗಳದಿಂದ, ಒಂದೇ ದಿಗಂತವನ್ನು ದಶಕಗಳ ಕಾಲ ನೋಡಿದ್ದವರಿಗೆ ಮುಪ್ಪಿನಲ್ಲಿ ಊರು ಬದಲಾಯಿತು. ಅವರ ವೀಕ್ಷಣೆಗಳ ದಾಖಲೆ 1954ರವರೆಗೂ ಸಾಗುತ್ತದೆ. ಆಗ ಅವರಿಗೆ 75 ದಾಟಿತ್ತು. ಒಟ್ಟು ಸಂಖ್ಯೆಯನ್ನು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸಾವಿರಕ್ಕೂ ಮಿಕ್ಕ ವೀಕ್ಷಣೆಗಳಾಗುತ್ತವೆ. ಬಂಗಾಳದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆಕಾಶ ಮುಚ್ಚಿರುತ್ತದೆ ಎಂಬುದನ್ನು ನೆನೆದರೆ, ಉಳಿದ ರಾತ್ರಿಗಳಲ್ಲಿ ಅವರು ಎಷ್ಟು ನಿದ್ದೆಗೆಟ್ಟಿರಬೇಕು ಎಂಬುದು ಅರಿವಾಗುತ್ತದೆ.

ಮುಪ್ಪಿನ ದಿನಗಳು ಬಡತನದಲ್ಲೇ ಕಳೆದವು. ಹೊರದೇಶದ ಸಂಘಗಳ ಕಡತಗಳಲ್ಲಿ ಅವರ ಹೆಸರು ಭದ್ರವಾಗಿತ್ತು. ಸ್ವಂತ ದೇಶದಲ್ಲಿ ಅದನ್ನು ಬಲ್ಲವರು ಕೆಲವರೇ. 1975ರ ಏಪ್ರಿಲ್ 3ರಂದು, ತಮ್ಮ 97ನೆಯ ವರ್ಷದಲ್ಲಿ, ಬಾರಾಸಾತ್‌ನಲ್ಲಿ ಅವರು ಕೊನೆಯುಸಿರೆಳೆದರು. ಧೂಮಕೇತುಗಳನ್ನು ಕುರಿತು ಅವರು ಬರೆದ ಬಂಗಾಳಿ ಪುಸ್ತಕ ಬೆಳಕು ಕಂಡದ್ದು ಮರಣಾನಂತರ.

ಕಾವಲೂರಿನ ನೆಂಟು

ವೀಕ್ಷಣೆ ನಿಂತ ಬಳಿಕ ಅಮೆರಿಕದಿಂದ ಬಂದ ಆ ಆರು ಇಂಚಿನ ದೂರದರ್ಶಕದ ಮುಂದಿನ ವಾರಸುದಾರರಾದವರು ಡಾ. ಎಂ. ಕೆ. ವೈನು ಬಾಪು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಉದ್ಯೋಗಿಯ ಮಗನಾದ ಬಾಪು ಅವರೂ ಎಳೆಯ ವಯಸ್ಸಿನಲ್ಲಿ ನಕ್ಷತ್ರಗಳ ಬೆಳಕಿನ ಏರಿಳಿತವನ್ನು ಗಮನಿಸುತ್ತ ಬೆಳೆದವರು. ಹಾರ್ವರ್ಡಿನಲ್ಲಿ ಓದಿ, 1949ರಲ್ಲಿ ತಮ್ಮ ಹೆಸರಿನ ಧೂಮಕೇತುವನ್ನು ಕಂಡವರು. 1971ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡು, ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದವರು ಅವರೇ. ಅದರ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. ಬಾಪು 1982ರಲ್ಲಿ ನಿಧನರಾದ ನಂತರ, 1986ರಲ್ಲಿ ಆ ವೀಕ್ಷಣಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. ಜೆಸ್ಸೋರಿನ ದೂರದರ್ಶಕ ಅಂತಿಮವಾಗಿ ತಲುಪಿದ್ದು ಇಲ್ಲಿಗೆ. 1987ರ ಸೂಪರ್‌ನೋವಾ ದಕ್ಷಿಣ ದಿಗಂತಕ್ಕೆ ಅಂಟಿದಂತೆ ಕೆಲವೇ ಡಿಗ್ರಿ ಎತ್ತರದಲ್ಲಿ ಕಂಡಾಗ, ಅದರ ರೋಹಿತವನ್ನು ಕಾವಲೂರಿನ ಖಗೋಳಜ್ಞರೂ ದಾಖಲಿಸಿದ್ದರು.

ರಾಧಾಗೋವಿಂದರ ಅಂಕಿಗಳು ಅಮೆರಿಕದ ಸಂಘದ ಕೋಟಿಗಟ್ಟಲೆ ವೀಕ್ಷಣೆಗಳ ಭಂಡಾರದಲ್ಲಿ ಸೇರಿಹೋಗಿವೆ. ಅಲ್ಲಿ ಪ್ರಾಧ್ಯಾಪಕರ ಅಂಕಿಗೂ ಖಜಾನೆ ನೌಕರನ ಅಂಕಿಗೂ ಸಾಲಿನಲ್ಲಿ ಭೇದವಿಲ್ಲ. 1918ರಲ್ಲಿ ಅವರನ್ನು ಹಾರ್ವರ್ಡಿಗೆ ಪರಿಚಯಿಸಿದ ಆ ನಕ್ಷತ್ರವೂ ಅಳಿದಿಲ್ಲ. ಸುಮಾರು ಹನ್ನೆರಡನೆಯ ಕಾಂತಿಮಾನಕ್ಕೆ ಇಳಿದು, ಗರುಡ ಪುಂಜದಲ್ಲಿ ಮಂಕಾಗಿ ಉರಿಯುತ್ತಿದೆ. ತಿಳಿಯಾದ, ಬೆಳದಿಂಗಳಿಲ್ಲದ ರಾತ್ರಿಯಲ್ಲಿ ನಕ್ಷೆ ಹಿಡಿದು ಹುಡುಕುವ ತಾಳ್ಮೆಯಿರುವವರಿಗೆ, ಆರು ಇಂಚಿನ ದೂರದರ್ಶಕದಲ್ಲಿ ಅದು ಈಗಲೂ ಕಾಣುತ್ತದೆ.